ನಲ್ಲಿಯೊಳಗಿನ ಬಿಲ್ಲೆ

ಕಪಿಲೆಯ ದಂಡೆಯ ಮೇಲೆ ಅಚ್ಚಮ್ಮನವರದೊಂದು ಹೆಂಚಿನ ಮನೆ. ಆಶ್ರಮ ಅಂದರೆ ಆಶ್ರಮ, ಮನೆ ಅಂದರೆ ಮನೆ. ವೇದಾಂತ ಕೇಳಲು ಬಂದವರು ಜಗಲಿಯಲ್ಲಿ ಕೂರುತ್ತಿದ್ದರು. ಊಟಕ್ಕೆ ಉಳಿದವರು ನಡುಮನೆಗೆ ಬರುತ್ತಿದ್ದರು. ಅಡುಗೆಮನೆಗೆ ಮಾತ್ರ ಯಾರೂ ಸುಮ್ಮನೆ ಕಾಲಿಡುತ್ತಿರಲಿಲ್ಲ.

ಅವರ ಮಡಿ ಅಷ್ಟು ಹೆಸರುವಾಸಿ. ಅಚ್ಚಮ್ಮನವರ ಅಡುಗೆಮನೆಗೆ ನೊಣ ಕೂಡ ಹೊಳೆಯಲ್ಲಿ ಮುಳುಗೆದ್ದು ಬರುತ್ತೆ ಅಂತ ಸುತ್ತಲಿನ ಜನ ಹೇಳುತ್ತಿದ್ದರು.

ಪಟ್ಟಾಭಿ ಅವರನ್ನು ಹುಡುಕಿಕೊಂಡು ಬಂದದ್ದು ಈ ಮಾತು ಕೇಳಿಯೇ. ವಯಸ್ಸು ಮೂವತ್ತು. ಓದಿದವನು, ಒಳ್ಳೆಯವನು, ಆದರೆ ಮಹಾ ಅನುಮಾನದ ಪ್ರಾಣಿ. ಯಾರ ಮನೆಯಲ್ಲೂ ಊಟ ರುಚಿಸುತ್ತಿರಲಿಲ್ಲ. ಎಲ್ಲಿ ನೋಡಿದರೂ ಎಂಜಲು, ಮುಸುರೆ, ಮೈಲಿಗೆ.

"ನಂಗೆ ಉಪದೇಶ ಕೊಡಿ ಅಮ್ಮ" ಅಂತ ಮೊದಲ ದಿನವೇ ಕಾಲಿಗೆ ಬಿದ್ದಿದ್ದ.

"ಒಂದು ಮಂಡಲ ಇರು. ನಲವತ್ತೆಂಟು ದಿನ. ಏನಾದರೊಂದು ವ್ರತ ಹಿಡಿ. ಮುಗಿದ ದಿನ ಕೊಡ್ತೀನಿ."

"ಯಾವ ವ್ರತ ಹಿಡೀಲಿ?"

"ನಿಂಗೆ ಯಾವುದು ಇಷ್ಟವೋ ಅದು."

"ಮಡಿ" ಅಂದ ಪಟ್ಟಾಭಿ. "ಶುದ್ಧವಲ್ಲದ್ದು ಒಂದು ತೊಟ್ಟೂ ಬಾಯಿಗೆ ಹೋಗಬಾರದು. ಶುದ್ಧವಲ್ಲದ್ದನ್ನ ಕೈ ಮುಟ್ಟಬಾರದು. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಮೊದಲಿಂದ."

ಅಚ್ಚಮ್ಮನವರು ಅವನ ಮುಖವನ್ನು ಒಂದು ಗಳಿಗೆ ನೋಡಿದರು.

"ಆಗಲಿ" ಅಂದರು.

ಅಂದಿನಿಂದ ಪಟ್ಟಾಭಿ ದಿನಕ್ಕೆ ಮೂರು ಸಲ ಹೊಳೆಗೆ ಇಳಿದ. ಒದ್ದೆ ಪಂಚೆಯಲ್ಲೇ ನೀರು ಹಿಡಿದ, ಒದ್ದೆ ಪಂಚೆಯಲ್ಲೇ ಒಲೆ ಹಚ್ಚಿದ. ಅಡುಗೆಮನೆಯ ಗೋಡೆಯಲ್ಲಿ ಒಂದು ಹಳೇ ಹಿತ್ತಾಳೆ ನಲ್ಲಿ ಇತ್ತು. ಅದನ್ನು ದಿನಾ ಬೆಳಗ್ಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ನಲ್ಲಿ ಚಿನ್ನದ ಹಾಗೆ ಹೊಳೆಯುತ್ತಿತ್ತು. ಆಮೇಲೆ ಅದರ ನೀರು ಕುಡಿದು, ಇವತ್ತಿಗೆ ಇಷ್ಟು ದಿನ ಆಯಿತು ಅಂತ ಎಣಿಸಿಕೊಳ್ಳುತ್ತಿದ್ದ.

ಹೀಗೆ ನಲವತ್ತೇಳನೆಯ ದಿನ ಬಂತು. ನಾಳೆ ಉಪದೇಶ. ಹಿಂದಿನ ರಾತ್ರಿ ಪಟ್ಟಾಭಿಗೆ ಸರಿಯಾಗಿ ನಿದ್ದೆಯೇ ಹತ್ತಿರಲಿಲ್ಲ.

ಆ ಹಳೇ ನಲ್ಲಿಯ ಹಿಡಿ ಮುರಿದು ನಾಲ್ಕು ದಿನವಾಗಿತ್ತು. ಇಕ್ಕಳ ಹಾಕಿ ತಿರುಗಿಸಬೇಕಾಗಿತ್ತು. ಅಚ್ಚಮ್ಮನವರಲ್ಲಿ ಭಕ್ತಿಯಿದ್ದ ಪೇಟೆಯ ಅಂಗಡಿಯವರೊಬ್ಬರು ಹೊಸ ನಲ್ಲಿಯೊಂದನ್ನು ಕಳಿಸಿಕೊಟ್ಟರು. ಅದನ್ನು ಕೂಡಿಸಲು ರಾಚಪ್ಪನನ್ನೂ ಕಳಿಸಿದರು.

ರಾಚಪ್ಪ ನಲವತ್ತು ದಾಟಿದ ಗಟ್ಟಿ ಆಳು. ಸುತ್ತಲಿನ ಊರುಗಳಲ್ಲಿ ಕೊಳಾಯಿ ಕೆಲಸವೆಲ್ಲ ಅವನದೇ. ಸೈಕಲ್ಲಿಗೆ ಚೀಲ ತಗುಲಿಸಿಕೊಂಡು ಬಿಸಿಲಲ್ಲಿ ಬೆವೆತು ಬಂದು ಅಂಗಳದಲ್ಲಿ ನಿಂತ.

ಪಟ್ಟಾಭಿ ಬಾಗಿಲಿಗೆ ಅಡ್ಡ ನಿಂತ.

"ಜಗಲಿ ಮೇಲೆ ಇಟ್ಟು ಹೋಗಪ್ಪ."

"ಕೂಡ್ಸಿ ಕೊಟ್ಟೇ ಹೋಯ್ತಿನಿ ಸ್ವಾಮಿ. ಒಂದು ಗಳ್ಗೆ ಕೆಲ್ಸ."

"ಬೇಡ. ನಾನೇ ಕೂಡಿಸ್ಕೊತೀನಿ."

ರಾಚಪ್ಪ ತಲೆ ಕೆರೆದುಕೊಂಡ. ಕೆಲಸಕ್ಕೆ ಬಂದವರನ್ನು ಅಚ್ಚಮ್ಮನವರೇ ಒಳಗೆ ಬಿಡುತ್ತಿದ್ದರು. ಅವರು ಹೋದ ಮೇಲೆ ನೆಲ ಸಾರಿಸಿಕೊಳ್ಳುತ್ತಿದ್ದರು, ಅಷ್ಟೆ. ಇದು ಊರಿಗೆಲ್ಲ ಗೊತ್ತು. ಗುರುವಿಗಿಂತ ಒಂದು ಕೈ ಮಿಗಿಲಾದ ಈ ಶಿಷ್ಯನನ್ನು ಅವನು ನೋಡಿದ್ದು ಇದೇ ಮೊದಲು.

"ಆಗ್ಲಿ ಸ್ವಾಮಿ. ಆದ್ರೆ ಹಳೇದ್ನ ಬಿಚ್ಚೋಕ್ ಮುಂಚೆ ಹಿತ್ಲಲ್ಲಿ..."

ಪಟ್ಟಾಭಿ ಬಾಗಿಲು ಹಾಕಿದ. ಒಂದೇ ದಿನ ಉಳಿದಿದೆ. ಮಾತು ಬೆಳೆದರೆ ಉಗುಳು ಹಾರೀತು.

ರಾಚಪ್ಪ ಹೋಗಲಿಲ್ಲ. ಹೊಂಗೆ ಮರದ ಕೆಳಗೆ ಸೈಕಲ್ ನಿಲ್ಲಿಸಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಕರೆಯುತ್ತಾರೆ ಅಂತ ಅವನಿಗೆ ಗೊತ್ತಿತ್ತು.

ಪಟ್ಟಾಭಿ ಹೊಸ ನಲ್ಲಿಯ ಮೇಲೆ ಏಳು ಚೊಂಬು ನೀರು ಸುರಿದ. ಆಮೇಲೆ ಹುಣಸೆಹಣ್ಣಿನಲ್ಲಿ ಉಜ್ಜಿದ. ಆಮೇಲೆ ಬೂದಿಯಲ್ಲಿ ಉಜ್ಜಿದ. ಆದರೂ ಮನಸ್ಸಿಗೆ ಒಗ್ಗಲಿಲ್ಲ. ಯಾವ ಕಾರ್ಖಾನೆಯೋ, ಎಷ್ಟು ಕೈಯೋ, ಕೊನೆಗೆ ಆ ರಾಚಪ್ಪನ ಚೀಲವೋ.

ಬೆಂಕಿಗೆ ಮೈಲಿಗೆಯಿಲ್ಲ ಅಂತ ಅವನಿಗೆ ನೆನಪಾಯಿತು. ತಾತ ಹಿತ್ತಾಳೆ ಪಾತ್ರೆಗಳನ್ನು ಕೆಂಡಕ್ಕೆ ಹಿಡಿದು ಶುದ್ಧ ಮಾಡುತ್ತಿದ್ದುದನ್ನು ಕಂಡಿದ್ದ. ಒಲೆಯ ಕೆಂಡ ಕೆದಕಿ ನಲ್ಲಿಯನ್ನು ಅದರೊಳಗೆ ಹೂತ.

ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಎದ್ದಿತು.

ಅಚ್ಚಮ್ಮನವರು ನಡುಮನೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಿದ್ದರು. ಎಪ್ಪತ್ತೈದು ವರ್ಷದ ಜೀವ, ಕೆಂಪು ಸೀರೆ, ಬೋಳು ತಲೆಯ ಮೇಲೆ ಸೆರಗು. ಕಣ್ಣು ಮಾತ್ರ ಹರೆಯದ್ದು.

"ಏನೋ ಅದು ವಾಸನೆ?"

"ಮೈಲಿಗೆ ಹೋಗ್ತಾ ಇದೆ ಅಮ್ಮ."

"ಓಹೋ. ಮೈಲಿಗೆಗೆ ಇಂಥ ವಾಸನೆ ಇರುತ್ತೆ ಅಂತ ನಂಗೆ ಇಷ್ಟು ದಿನ ಗೊತ್ತಿರಲಿಲ್ಲ ನೋಡು."

ಪಟ್ಟಾಭಿ ಅದನ್ನು ಹೊಗಳಿಕೆ ಅಂದುಕೊಂಡ. ನಲ್ಲಿಯನ್ನು ಇಕ್ಕಳದಿಂದ ಹೊರಗೆ ತೆಗೆದು, ನೀರಲ್ಲಿ ಅದ್ದಿ, ಒದ್ದೆ ಬಟ್ಟೆಯ ಮೇಲೆ ಇಟ್ಟ. ಆಮೇಲೆ ಸೊಂಟಕ್ಕೆ ಪಂಚೆ ಬಿಗಿದು ಹಳೇ ನಲ್ಲಿಯ ಬುಡಕ್ಕೆ ಇಕ್ಕಳ ಹಾಕಿದ.

ಒಂದು ಸುತ್ತು. ಎರಡು ಸುತ್ತು. ಮೂರನೇ ಸುತ್ತಿಗೆ ನಲ್ಲಿ ಸಡಿಲವಾಯಿತು.

ನಾಲ್ಕನೇ ಸುತ್ತಿಗೆ ನಲ್ಲಿ ಅವನ ಎದೆಗೆ ಬಂದು ಬಡಿಯಿತು. ಹಿಂದೆಯೇ ತೋಳು ಗಾತ್ರದ ನೀರು.

ಪಟ್ಟಾಭಿ ಅಂಗಾತ ಬಿದ್ದ. ಎದ್ದ. ಮತ್ತೆ ಜಾರಿ ಬಿದ್ದ. ನೀರು ಎದುರುಗೋಡೆಗೆ ಹೊಡೆದು ಒಲೆಗೆ ಚಿಮ್ಮಿತು. ಒಲೆ ಚೊಯ್ ಅಂದು ಆರಿತು. ಬೂದಿ ಮೇಲೆದ್ದು ಮಡಿಬಟ್ಟೆಯ ಗಳುವಿನ ತನಕ ಹೋಯಿತು.

ತೂತಿಗೆ ಹೆಬ್ಬೆರಳು ಒತ್ತಿದ. ಹೆಬ್ಬೆರಳಿನ ಸುತ್ತ ನೀರು ಕೊಡೆಯ ಹಾಗೆ ಬಿಚ್ಚಿಕೊಂಡಿತು. ಅಂಗೈ ಒತ್ತಿದ. ತೋಳಿನುದ್ದಕ್ಕೂ ಹರಿದು ಕಂಕುಳಿಗೆ ಬಂತು.

"ಅಮ್ಮಾ! ಅಮ್ಮಾ!"

ಅಚ್ಚಮ್ಮನವರು ಮೊರ ಹಿಡಿದುಕೊಂಡೇ ಬಂದು ಹೊಸ್ತಿಲ ಆಚೆ ನಿಂತರು.

"ನಿಲ್ತಾ ಇಲ್ಲ ಅಮ್ಮ! ಏನು ಮಾಡ್ಲಿ?"

"ಕೂಗು."

"ಯಾರನ್ನ?"

"ಯಾರು ಬಂದ್ರೆ ನಿಲ್ಲುತ್ತೋ ಅವರನ್ನ."

ಪಟ್ಟಾಭಿಗೆ ಅರ್ಥವಾಯಿತು. ಕೂಗಿದರೆ ಅವನು ಒಳಗೆ ಬರುತ್ತಾನೆ. ಒದ್ದೆ ನೆಲ, ಒದ್ದೆ ಪಂಚೆ. ನೀರಿನ ಮೂಲಕ ಮುಟ್ಟಿದ್ದೂ ಮುಟ್ಟಿದ್ದೇ. ನಲವತ್ತೇಳು ದಿನ ಬಚ್ಚಲಿಗೆ ಹರಿದುಹೋಗುತ್ತೆ.

ನೀರು ಬೇಳೆಯ ಡಬ್ಬಗಳ ಬುಡಕ್ಕೆ ಬಂತು. ಉಪ್ಪಿನ ಜಾಡಿಯ ಬುಡ ಮುಳುಗಿತು. ದೇವರ ಮನೆಯ ಹೊಸ್ತಿಲಿಗೆ ಇನ್ನು ಒಂದು ಗೇಣು.

"ಅಮ್ಮ, ನೀವೇ ಏನಾದ್ರೂ ಮಾಡಿ!"

"ನಾನು ಅಕ್ಕಿ ಆರಿಸ್ತಾ ಇದ್ದೀನಿ."

ಹೊಸ್ತಿಲಿಗೆ ಇನ್ನು ನಾಲ್ಕು ಬೆರಳು.

"ರಾಚಪ್ಪಾ!" ಅಂತ ಪಟ್ಟಾಭಿ ಅರಚಿದ. "ರಾಚಪ್ಪಾ, ಬಾರಪ್ಪಾ!"

ಅವನು ಬಾಯಿ ಮುಚ್ಚುವಷ್ಟರಲ್ಲಿ ನೀರು ನಿಂತಿತು.

ಯಾರೂ ಒಳಗೆ ಬರಲಿಲ್ಲ. ಯಾರೂ ಏನನ್ನೂ ಮುಟ್ಟಲಿಲ್ಲ. ನೀರು ತನ್ನಷ್ಟಕ್ಕೆ ತಾನೇ ಸೊರಗಿ, ಅಂಗೈಯ ಕೆಳಗೆ ಎರಡು ಹನಿಯಾಗಿ, ನಿಂತೇ ಹೋಯಿತು. ಪಟ್ಟಾಭಿ ತೂತಿಗೆ ಕೈ ಒತ್ತಿಕೊಂಡೇ ಬಾಯಿ ಬಿಟ್ಟು ನಿಂತ.

ಹಿತ್ತಲ ಬಾಗಿಲಲ್ಲಿ ರಾಚಪ್ಪನ ತಲೆ ಕಾಣಿಸಿತು.

"ಅದೇ ಸ್ವಾಮಿ ಆಗ್ಲೇ ಹೇಳೋಕೆ ಬಂದಿದ್ದು. ಹಿತ್ಲಲ್ಲಿ ಒಂದು ವಾಲು ಐತೆ. ಮೊದ್ಲು ಅದ್ನ ಮುಚ್ಕಬೇಕು."

ಅಚ್ಚಮ್ಮನವರ ಮೊರದಲ್ಲಿ ಅಕ್ಕಿ ಕುಣಿಯಿತು. ನಗು ತಡೆದುಕೊಂಡಿದ್ದರು.

"ಬಾ ರಾಚಪ್ಪ ಒಳಗೆ. ನೀನೇ ಕೂಡಿಸು."

ರಾಚಪ್ಪ ಕಾಲು ತೊಳೆದು ಒಳಗೆ ಬಂದ. ಪಟ್ಟಾಭಿ ಸರಿದು ಸರಿದು ಒಣಗಿದ್ದ ಒಂದೇ ಮೂಲೆಗೆ ಸೇರಿ, ಪಂಚೆಯ ಅಂಚನ್ನು ಮೇಲಕ್ಕೆ ಎತ್ತಿ ಹಿಡಿದ. ಇನ್ನೂ ಮುಟ್ಟಿಲ್ಲ. ಇನ್ನೂ ಉಳಿದಿದೆ.

ರಾಚಪ್ಪ ಹೊಸ ನಲ್ಲಿಯ ತಿರುಪಿಗೆ ಬಿಳಿ ಟೇಪು ಸುತ್ತಿ, ಗೋಡೆಗೆ ತಿರುಗಿಸಿ, ಬಿಗಿ ಮಾಡಿದ. ಹಿತ್ತಲಿಗೆ ಹೋಗಿ ವಾಲ್ವು ತೆರೆದು ಬಂದ. ನಲ್ಲಿ ಮುಚ್ಚಿತ್ತು. ಆದರೂ ನೀರು ಸಣ್ಣಗೆ ಸುರಿಯುತ್ತಲೇ ಇತ್ತು. ಇನ್ನೂ ಬಿಗಿ ಮಾಡಿದ. ಸುರಿಯುತ್ತಲೇ ಇತ್ತು.

ಅವನು ಮತ್ತೆ ವಾಲ್ವು ಮುಚ್ಚಿ ಬಂದು ನಲ್ಲಿಯ ತಲೆ ಬಿಚ್ಚಿದ. ಒಳಗಿಂದ ಕರ್ರಗಿನ ಜಿಗುಟೊಂದು ಅವನ ಬೆರಳಿಗೆ ಅಂಟಿಕೊಂಡು ಬಂತು.

"ಇದೇನ್ ಸ್ವಾಮಿ? ರಬ್ಬರ್ ವಾಶರ್ರು ಕರಗೋಗದೆ. ಏನ್ ಮಾಡುದ್ರಿ ಇದ್ಕೆ?"

"ಶುದ್ಧಿ" ಅಂದ ಪಟ್ಟಾಭಿ.

"ಒಲೇಲಿ ಬೇಯಿಸ್ದ" ಅಂದರು ಅಚ್ಚಮ್ಮನವರು.

ರಾಚಪ್ಪ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಸ್ವಲ್ಪ ಹೊತ್ತು ಅಲುಗುತ್ತಿತ್ತು.

"ಅಂಗ್ಡಿ ಇಷ್ಟೊತ್ಗೆ ಬಾಗ್ಲು ಹಾಕಿರ್ತದೆ ಅಮ್ಮಾವ್ರೇ. ಹಳೇ ನಲ್ಲೀದೇ ಬಿಲ್ಲೆ ಬರುತ್ತಾ ನೋಡ್ತಿನಿ ತಡೀರಿ."

ಅವನು ಹಳೇ ಹಿತ್ತಾಳೆ ನಲ್ಲಿಯ ತಲೆ ಬಿಚ್ಚಿದ. ಮೊಳೆಯ ತುದಿಯಿಂದ ಮೀಟಿ ಒಂದು ದುಂಡನೆಯ ಕಪ್ಪು ಬಿಲ್ಲೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ. ಬೆಳಕಿಗೆ ಹಿಡಿದು ನೋಡಿದ. ಇದ್ದಕ್ಕಿದ್ದಂತೆ ಅವನ ಮುಖ ಅರಳಿತು.

"ಅಯ್ ಶಿವನೆ! ಇದು ನಮ್ಮಪ್ಪ ಹಾಕಿದ್ದು ಕಣ್ ಅಮ್ಮಾವ್ರೇ. ಅಂಚು ನೋಡಿ, ಉಳಿ ಓರೆ ಹಿಡ್ದು ಕತ್ತರ್ಸೋನು. ಇನ್ಯಾರ್ಗೂ ಬರ್ತಿರ್ಲಿಲ್ಲ."

"ಯಾವ ರಬ್ಬರು ಅದು, ಇಷ್ಟು ವರ್ಷ ತಡೆದಿದೆ?" ಅಂತ ಪಟ್ಟಾಭಿ ಮೂಲೆಯಿಂದ ಕೇಳಿದ.

"ರಬ್ಬರ್ ಎಲ್ಲಿ ಬಂತು ಸ್ವಾಮಿ? ತೊಗಲು."

ಪಟ್ಟಾಭಿ ಕೇಳಿಸಿಕೊಂಡ. ಆದರೆ ಮಾತು ಕಿವಿಯಿಂದ ಒಳಗೆ ಇಳಿಯಲಿಲ್ಲ.

"ಏನು ಅಂದೆ?"

"ತೊಗಲು ಸ್ವಾಮಿ. ಚರ್ಮ. ಆಗ ನಲ್ಲಿಗೆಲ್ಲ ಇದೇ ತಾನೆ."

ಪಟ್ಟಾಭಿ ಹಿಡಿದಿದ್ದ ಪಂಚೆಯ ಅಂಚು ಕೈಜಾರಿ ನೀರಿಗೆ ಬಿತ್ತು. ನಲವತ್ತೇಳು ದಿನ. ದಿನಕ್ಕೆ ಆರೇಳು ಚೊಂಬು. ದೇವರಿಗೆ ಅಭಿಷೇಕ ಮಾಡಿದ್ದು ಇದೇ ನೀರು. ತೀರ್ಥ ಅಂತ ಕಣ್ಣಿಗೆ ಒತ್ತಿಕೊಂಡು ಕುಡಿದದ್ದು ಇದೇ ನೀರು.

ಆದರೆ ಅವನಿಗೆ ಆ ಕ್ಷಣ ತನಗಿಂತ ಹೆಚ್ಚು ಭಯವಾದದ್ದು ಅಚ್ಚಮ್ಮನವರ ಬಗ್ಗೆ. ಪಾಪ, ನಲವತ್ತು ವರ್ಷದ ಮಡಿ. ಈ ಮಾತು ಕೇಳಿ ಅವರ ಎದೆ ಒಡೆಯುತ್ತೆ. ಅವರನ್ನು ಹಿಡಿದುಕೊಳ್ಳಬೇಕು ಅಂತ ಎರಡು ಹೆಜ್ಜೆ ಮುಂದೆ ಬಂದ.

ಅಚ್ಚಮ್ಮನವರು ಮೊರದಿಂದ ಒಂದು ಕಲ್ಲು ಆರಿಸಿ ಆಚೆ ಎಸೆದರು.

"ಅಮ್ಮ... ಅವನು ಹೇಳಿದ್ದು ಕೇಳಿಸ್ತಾ?"

"ಕಿವಿ ಇನ್ನೂ ಚೆನ್ನಾಗೇ ಇದೆಯಪ್ಪ."

"ಚರ್ಮ ಅಮ್ಮ!"

"ಹೂಂ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪಟ್ಟಾಭಿ ಗೋಡೆಗೆ ಆನಿಕೊಂಡ.

ಆಗ ಅವನಿಗೆ ಒಂದು ವಿಷಯ ಹೊಳೆಯಿತು. ಅಚ್ಚಮ್ಮನವರು ಜಪಕ್ಕೆ ಕೂರುವ ಕೃಷ್ಣಾಜಿನದ ಮೂಲೆಯಲ್ಲಿ ಒಂದು ಕಡೆ ಕಾಸಿನಗಲ ದುಂಡಗೆ ಕತ್ತರಿಸಿದ ತೂತು ಇತ್ತು. ಇಲಿ ಕಡಿದಿದೆ ಅಂತ ಅಂದುಕೊಂಡಿದ್ದ. ಇಲಿ ಎಲ್ಲಾದರೂ ಅಷ್ಟು ದುಂಡಗೆ ಕಡಿಯುತ್ತದೆಯೇ? ಜಿಂಕೆ ಚರ್ಮಕ್ಕೆ ಮೈಲಿಗೆಯಿಲ್ಲ. ಋಷಿಗಳು ಹೊದ್ದದ್ದು, ವಟುವಿನ ಜನಿವಾರಕ್ಕೆ ಕಟ್ಟುವುದು. ಅವನ ಜೀವ ಮರಳಿ ಬಂತು.

"ಕೃಷ್ಣಾಜಿನ ಅಲ್ವಾ ಅಮ್ಮ ಅದು? ನಿಮ್ಮ ಜಿಂಕೆ ಚರ್ಮದ ಮೂಲೆ ಕತ್ತರಿಸಿದ್ದು. ಹೌದು ಅನ್ನಿ ಅಮ್ಮ!"

"ಕತ್ತರಿಸಿದ್ದು ಹೌದು. ನಾನೇ ಕತ್ತರಿಸಿ ಕೊಟ್ಟೆ. ನಾಲ್ಕು ದಿನಕ್ಕೆ ಕೊಳೆತು ಸೋರಿತು."

"ಮತ್ತೆ ಇದು?"

ಅಚ್ಚಮ್ಮನವರು ರಾಚಪ್ಪನ ಕಡೆ ನೋಡಿದರು. ರಾಚಪ್ಪ ತಲೆ ತಗ್ಗಿಸಿದ.

"ನಮ್ಮಪ್ಪನ ಮೆಟ್ಟಿಂದು ಸ್ವಾಮಿ" ಅಂದ ಮೆಲ್ಲಗೆ. "ಆಗ ಕೈಲಿ ಬೇರೆ ತೊಗ್ಲು ಇರ್ಲಿಲ್ವಂತೆ. ಅಮ್ಮಾವ್ರಿಗೆ ನೀರಿಲ್ಲ ಅಂತ ಕಾಲ್ದು ಬಿಚ್ಚಿ ಹಿಮ್ಮಡಿ ತಾವು ಕತ್ತರ್ಸ್ದ. ಮನೆಗೆ ಬರಿಗಾಲಲ್ಲಿ ಬಂದಿದ್ದ. ನಮ್ಮವ್ವ ಬೈದಿದ್ಳು."

ಮೆಟ್ಟು. ಊರ ಹಾದಿಯೆಲ್ಲ ತುಳಿದ ಮೆಟ್ಟು.

"ನಂಗೂ ಮೊದಲು ಗೊತ್ತಿರಲಿಲ್ಲ" ಅಂದರು ಅಚ್ಚಮ್ಮನವರು. "ವರ್ಷ ಕಳೆದ ಮೇಲೆ ಚೆಲುವಯ್ಯನೇ ಹೇಳಿದ. ಮುಚ್ಚಿಟ್ರೆ ಪಾಪ ಬರುತ್ತೆ ಅಂತ. ಇವನ ಅಪ್ಪ, ಚೆಲುವಯ್ಯ. ಕೇಳಿದ ಗಳಿಗೆಗೆ ಹೊಳೆಗೆ ಓಡಿದೆ. ಮಾರ್ಗಶಿರದ ಚಳಿ. ನೂರೆಂಟು ಮುಳುಗು ಹಾಕಿದೆ. ಜ್ವರ ಬಂತು."

"ಆಮೇಲೆ?"

"ಮೂರು ದಿನ ಮೈಮೇಲೆ ಎಚ್ಚರ ಇರಲಿಲ್ಲ. ನಾಲ್ಕನೇ ದಿನ ಕಣ್ಣು ಬಿಟ್ಟು ನೀರು ಅಂದೆ. ಪಕ್ಕದ ಮನೆ ಹುಡುಗಿ ತಂದು ಬಾಯಿಗೆ ಬಿಟ್ಟಳು."

"ಯಾವ ನೀರು?"

"ಕೇಳಲಿಲ್ಲ."

"ಕೇಳಬೇಕಿತ್ತು ಅಮ್ಮ!"

"ಕೇಳಬೇಕಿತ್ತು. ಆದರೆ ಬಾಯಾರಿತ್ತು."

ಪಟ್ಟಾಭಿ ತಲೆಯ ಮೇಲೆ ಕೈ ಹೊತ್ತು ಒದ್ದೆ ನೆಲದ ಮೇಲೆಯೇ ಕುಕ್ಕರಿಸಿದ.

"ಆಮೇಲಾದ್ರೂ ಯಾಕೆ ತೆಗೆಸಲಿಲ್ಲ?"

"ನಲ್ಲಿ ಸೋರ್ತಾ ಇರಲಿಲ್ಲವಲ್ಲ."

"ಮತ್ತೆ ಈ ಮಡಿ? ಈ ಮೂರು ಹೊತ್ತಿನ ಸ್ನಾನ?"

"ಮಿಂದ್ರೆ ಮೈ ಹಗುರಾಗುತ್ತೆ. ನೀನೂ ಒಂದು ದಿನ ಎಣಿಸದೆ ಮಿಂದು ನೋಡು."

"ಊರವರಿಗೆಲ್ಲ ನೀವು..."

"ಊರವರು ಕೇಳಲಿಲ್ಲ. ನೀನೂ ಕೇಳಲಿಲ್ಲ. ನಲ್ಲೀನ ದಿನಾ ಹೊರಗಡೆ ಉಜ್ಜಿದೆ, ಒಳಗೆ ಏನಿದೆ ಅಂತ ನೋಡಿದ್ಯಾ?"

ಪಟ್ಟಾಭಿಗೆ ಅಳು ಬಂತು. ಮೂವತ್ತು ವರ್ಷದ ಗಂಡಸು, ಇಬ್ಬರ ಎದುರಿಗೆ ಬಿಕ್ಕಿಬಿಕ್ಕಿ ಅತ್ತ. ಯಾರನ್ನು ನಂಬಿ ಬಂದಿದ್ದನೋ ಅವರೇ ಮುಳುಗಿಸಿದರು ಅಂತ ಅವನಿಗೆ ಅನ್ನಿಸಿತು. ಹೇಳಿಯೂಬಿಟ್ಟ.

"ನೀವು ನಂಗೆ ಮೋಸ ಮಾಡಿದ್ರಿ ಅಮ್ಮ."

"ಇರಬಹುದು" ಅಂದರು ಅಚ್ಚಮ್ಮನವರು. ಅವರ ಮುಖದಲ್ಲಿ ನಗು ಇರಲಿಲ್ಲ.

ರಾಚಪ್ಪ ಕೆಮ್ಮಿದ. ಗುರುಶಿಷ್ಯರ ಮಾತು ಏನಾದರೂ ಇರಲಿ, ಅವನ ಕೆಲಸ ಅರ್ಧಕ್ಕೆ ನಿಂತಿತ್ತು.

"ಅಮ್ಮಾವ್ರೇ, ಈ ಬಿಲ್ಲೆ ಸವ್ದೋಗದೆ. ಹೊಸ ನಲ್ಲಿಗೆ ಕೂರಾಕಿಲ್ಲ. ನಾಳೆ ಅಂಗ್ಡಿಯಿಂದ ರಬ್ಬರ್ ತತ್ತಿನಿ. ಇವತ್ತಿಗೆ ನೀರ್ ಬೇಕು ಅಂದ್ರೆ ನನ್ ಚೀಲ್ದಲ್ಲಿ ಒಂದು ತುಂಡು..." ಅವನು ಪಟ್ಟಾಭಿಯ ಕಡೆ ನೋಡಿ ಮಾತು ನುಂಗಿದ.

"ತುಂಡು ತೊಗಲಿದೆ. ಹೇಳು, ಯಾಕೆ ಹೆದರ್ತೀಯ? ತೆಗಿ" ಅಂದರು ಅಚ್ಚಮ್ಮನವರು. "ಕತ್ತರಿಸೋದು ಅವನು. ಸುಟ್ಟವನು ಅವನೇ ತಾನೆ."

ಪಟ್ಟಾಭಿ ತಲೆ ಎತ್ತಿದ.

"ನಾನಾ? ಚರ್ಮಾನಾ?"

"ನೀನೇ."

"ಅಮ್ಮ, ನನ್ನ ಮಂಡಲ..."

"ಯಾವ ಮಂಡಲ?"



ರಾಚಪ್ಪ ತೊಗಲಿನ ತುಂಡನ್ನು ನೆಲದ ಮೇಲಿಟ್ಟ. ಉಳಿಯನ್ನು ಪಕ್ಕದಲ್ಲಿಟ್ಟು ದೂರ ಸರಿದ. ಕೈಗೆ ಕೈ ತಾಗದ ಹಾಗೆ ಇಡುವುದು ಅವನಿಗೆ ಚಿಕ್ಕಂದಿನಿಂದ ರೂಢಿ.

ಪಟ್ಟಾಭಿ ತೊಗಲನ್ನು ಎರಡು ಬೆರಳಲ್ಲಿ ಹಿಡಿದ. ಆಮೇಲೆ ಐದೂ ಬೆರಳಲ್ಲಿ ಹಿಡಿಯಲೇಬೇಕಾಯಿತು, ಇಲ್ಲದಿದ್ದರೆ ಉಳಿ ನಿಲ್ಲುತ್ತಿರಲಿಲ್ಲ. ತೊಗಲು ಬೆಚ್ಚಗಿತ್ತು. ಬಿಸಿಲಲ್ಲಿ ಸೈಕಲ್ಲಿಗೆ ನೇತಾಡಿದ ಚೀಲದ ಬಿಸಿ.

ಮೊದಲ ಬಿಲ್ಲೆ ಸೊಟ್ಟಗೆ ಬಂತು.

"ಉಳಿ ಓರೆ ಹಿಡೀರಿ ಸ್ವಾಮಿ. ಹಂಗಲ್ಲ, ನಿಮ್ ಕಡೀಕೆ."

ಎರಡನೆಯದೂ ಸೊಟ್ಟ. ರಾಚಪ್ಪನಿಗೆ ತಡೆಯಲಾಗಲಿಲ್ಲ. ಬಗ್ಗಿ ಅವನ ಮಣಿಕಟ್ಟು ಹಿಡಿದು ಓರೆ ಮಾಡಿದ. ಹಿಡಿದ ಮೇಲೆ ತಾನೇ ಬೆಚ್ಚಿ ಬಿಟ್ಟ.

"ತಪ್ಪಾಯ್ತು ಸ್ವಾಮಿ!"

ಪಟ್ಟಾಭಿ ಬೆಚ್ಚಲಿಲ್ಲ. ಬೆಚ್ಚುವುದಕ್ಕೆ ಅವನಲ್ಲಿ ಏನೂ ಉಳಿದಿರಲಿಲ್ಲ.

"ಇನ್ನೊಂದ್ಸಲ ತೋರಿಸು" ಅಂದ.

ಮೂರನೆಯ ಬಿಲ್ಲೆ ದುಂಡಗೆ ಬಂತು. ರಾಚಪ್ಪ ಅದನ್ನು ನಲ್ಲಿಯೊಳಗೆ ಕೂರಿಸಿ, ತಲೆ ಬಿಗಿದು, ವಾಲ್ವು ತೆರೆದು ಬಂದ. ಮೂವರೂ ನಲ್ಲಿಯ ಬಾಯಿಯನ್ನೇ ನೋಡುತ್ತ ನಿಂತರು.

ಒಂದು ಹನಿಯೂ ಬೀಳಲಿಲ್ಲ.

"ಹಾ!" ಅಂದ ಪಟ್ಟಾಭಿ. ಯಾಕೆ ಅಂದನೋ ಅವನಿಗೇ ತಿಳಿಯಲಿಲ್ಲ. ಆ ಗಳಿಗೆಯಲ್ಲಿ ಅವನಿಗೆ ಖುಷಿಯಾಗಿತ್ತು.

ರಾಚಪ್ಪ ಚೀಲ ಕಟ್ಟಿಕೊಂಡು ಹಿತ್ತಲಿಗೆ ಇಳಿದ. ಅಚ್ಚಮ್ಮನವರು ಮೊರ ಕೆಳಗಿಟ್ಟು, ಹೊಸ ನಲ್ಲಿ ತಿರುಗಿಸಿ, ಕಂಚಿನ ಲೋಟದ ತುಂಬ ನೀರು ಹಿಡಿದು ಹಿತ್ತಲ ಬಾಗಿಲಿಗೆ ಬಂದರು.

"ಬಿಸಿಲಲ್ಲಿ ಬಂದಿದ್ದೀಯ ರಾಚಪ್ಪ. ನೀರು ಕುಡಿದು ಹೋಗು."

ರಾಚಪ್ಪ ತಿರುಗಿದ. ಚೀಲವನ್ನು ಸೈಕಲ್ಲಿಗೆ ನೇತುಹಾಕಿ ಬಂದು, ಮೆಟ್ಟಿಲ ಕೆಳಗಿದ್ದ ಒಗೆಯುವ ಕಲ್ಲಿನ ಮೇಲೆ ಕೂತು, ಬಗ್ಗಿ, ಬಾಯಿಗೆ ಬೊಗಸೆ ಹಿಡಿದ.

"ಹುಯ್ಯಿ ತಾಯಿ."

ಅಚ್ಚಮ್ಮನವರು ಲೋಟ ಹಿಡಿದು ನಿಂತರು.

"ಲೋಟದಲ್ಲೇ ಕುಡಿಯಪ್ಪ."

"ರೂಢಿ ಇಲ್ಲ ಅಮ್ಮಾವ್ರೇ. ನಮ್ಮಪ್ಪಾನೂ ಇದೇ ಕಲ್ ಮ್ಯಾಲೆ ಕೂತು ಕುಡೀತಿದ್ದ. ನಾನು ಸಣ್ಣೋನಿದ್ದಾಗ ಪಕ್ಕದಲ್ಲಿ ಕೂತಿರ್ತಿದ್ದೆ. 'ಕೆಲ್ಸ ಒಳ್ಗೆ, ನೀರು ಹೊರ್ಗೆ' ಅಂತ ನಗೋನು. ಆದ್ರೆ ನಿಮ್ಮನೆ ನೀರು ತಣ್ಣಗದೆ ಅಂತ ಹೊಗಳೋನು."

ಅವನು ಆಡಿಕೊಂಡು ಹೇಳಿದ್ದಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದ. ಬೊಗಸೆ ಹಿಡಿದುಕೊಂಡೇ ಇದ್ದ.

ಪಟ್ಟಾಭಿ ಹಿಂದೆ ನಿಂತು ನೋಡುತ್ತಿದ್ದ. ಅಚ್ಚಮ್ಮನವರ ಕೈಯಲ್ಲಿ ಲೋಟ ಅಲುಗಿ, ನೀರು ತುಳುಕಿ, ಕೆಂಪು ಸೀರೆಯ ಮೇಲೆ ಬಿತ್ತು. ಚರ್ಮ ಅಂದಾಗ ಅಲುಗದ ಕೈ ಅದು. ಮೆಟ್ಟು ಅಂದಾಗ ಅಲುಗದ ಕೈ.

"ಚೆಲುವಯ್ಯ ಹೇಗಿದ್ದಾನೆ?"

"ಹೋಗಿ ಆರು ವರ್ಸ ಆಯ್ತಲ್ಲ ಅಮ್ಮಾವ್ರೇ."

"ನಂಗ್ಯಾರೂ ಹೇಳಲಿಲ್ಲ."

"ನೀವು ಕೇಳಿರ್ನಿಲ್ಲ."

ಕಪಿಲೆಯ ಕಡೆಯಿಂದ ಗಾಳಿ ಬಂತು. ಅಚ್ಚಮ್ಮನವರ ಸೆರಗು ತಲೆಯಿಂದ ಜಾರಿತು. ಅವರು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಒಂದೊಂದೇ ಮೆಟ್ಟಿಲು ಇಳಿದರು. ಮಂಡಿ ನೋಯುತ್ತಿತ್ತು, ಗೋಡೆ ಹಿಡಿದು ಇಳಿದರು. ಲೋಟವನ್ನು ರಾಚಪ್ಪನ ಬೊಗಸೆಯಲ್ಲಿ ಇಟ್ಟರು.

"ಕುಡಿ."

ರಾಚಪ್ಪ ಅವರ ಮುಖ ನೋಡಿದ. ಲೋಟ ನೋಡಿದ. ಕಚ್ಚಿ ಕುಡಿಯಬೇಕೋ ಎತ್ತಿ ಕುಡಿಯಬೇಕೋ ತಿಳಿಯದೆ ಒದ್ದಾಡಿ, ಕೊನೆಗೆ ತುಟಿಗೆ ಇಟ್ಟುಕೊಂಡು ಅರ್ಧ ಕುಡಿದ. ಲೋಟ ತೊಳೆದಿಡಲು ಎದ್ದು ನಿಂತ.

"ತೊಳೀಬೇಡ. ಉಳಿದದ್ದು ನಂಗೆ ಬೇಕು."

ಅಂದವರೇ ಅಚ್ಚಮ್ಮನವರು ಆ ಒಗೆಯುವ ಕಲ್ಲಿನ ಮೇಲೆ ಕೂತರು. ಬಗ್ಗಿದರು. ಬಾಯಿಯ ಹತ್ತಿರ ಎರಡೂ ಕೈ ಸೇರಿಸಿ ಬೊಗಸೆ ಹಿಡಿದರು.

ರಾಚಪ್ಪ ಹಾವು ಕಂಡವನ ಹಾಗೆ ಹಿಂದಕ್ಕೆ ಹಾರಿದ.

"ಬ್ಯಾಡಿ ಅಮ್ಮಾವ್ರೇ! ಎಂಜ್ಲು ಕಣ್ರವ್ವ! ನಿಮ್ ಕಾಲ್ ಮುಗಿತಿನಿ, ಏಳಿ ಮ್ಯಾಕೆ!"

"ಹುಯ್ಯಪ್ಪ. ನಾನು ನಿಮ್ಮಪ್ಪನಿಗೆ ಹುಯ್ತಿದ್ದ ಹಾಗೇ ಹುಯ್ಯಿ. ಎತ್ತರದಿಂದ."

ರಾಚಪ್ಪನ ಕಣ್ಣು ತುಂಬಿತು. ಲೋಟ ಎತ್ತಿದ, ಕೈ ಮುಂದಕ್ಕೆ ಹೋಗಲಿಲ್ಲ.

ಪಟ್ಟಾಭಿಗೆ ಗರ ಬಡಿದಂತಾಗಿತ್ತು. ಈ ಕಣ್ಣಿನಿಂದ ಇದನ್ನು ನೋಡುವುದಕ್ಕಿಂತ ನೀರು ಮತ್ತೆ ಗೋಡೆಯಿಂದ ಚಿಮ್ಮಿ ಮನೆಯನ್ನೇ ಕೊಚ್ಚಿಕೊಂಡು ಹೋಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಮೆಟ್ಟಿಲು ಹಾರಿ ಇಳಿದು ಅವರ ಕಾಲ ಬಳಿ ಕುಸಿದ.

"ಏಳಿ ಅಮ್ಮ, ಯಾರಾದ್ರೂ ನೋಡ್ತಾರೆ! ನೀವೇ ಹೀಗೆ ಕೂತ್ರೆ ನನ್ನ ಗತಿ ಏನು? ನಾಳೆ ಉಪದೇಶ ಕೊಡ್ತೀನಿ ಅಂದಿದ್ರಲ್ಲ ಅಮ್ಮ!"

ಅಚ್ಚಮ್ಮನವರು ಬೊಗಸೆ ಬಿಡಲಿಲ್ಲ. ಬಗ್ಗಿಸಿದ ತಲೆ ಎತ್ತಲೂ ಇಲ್ಲ.

"ಮೊದಲು ಈ ಬೊಗಸೆ ತುಂಬಲಿ ಇರು ಪಟ್ಟಾಭಿ. ಬರಿಗೈಯವಳು ನಾಳೆ ನಿಂಗೆ ಏನು ತಾನೇ ಕೊಟ್ಟೇನು?"